ಪಟ್ಟಿಯಲ್ಲೊಂದು ಹಳೆ ಸೀರೆ

ಇಬ್ಬರು ಮಕ್ಕಳ ತಂದೆಯಾದ ನನಗೆ ಅರವತ್ತೊಂದನೆಯ ವಯಸ್ಸಿನವರೆಗೂ ಒಂದು ಕೂಸಿಗೆ ಏನೇನು ಬೇಕಾಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಹಾಲು ಬೇಕು, ತೊಟ್ಟಿಲು ಬೇಕು, ಅಳುವುದಕ್ಕೆ ಒಂದು ಜಾಗ ಬೇಕು, ಇಷ್ಟು ಗೊತ್ತಿತ್ತು. ಉಳಿದದ್ದನ್ನೆಲ್ಲ ಮನೆಯ ಹೆಂಗಸರು ಯಾವಾಗಲೋ ಎಲ್ಲಿಂದಲೋ ತಂದಿಟ್ಟಿರುತ್ತಿದ್ದರು. ನಾನು ಸಂಜೆ ಶಾಲೆಯಿಂದ ಬಂದು ಕೂಸನ್ನು ಒಂದು ಗಳಿಗೆ ಎತ್ತಿಕೊಳ್ಳುತ್ತಿದ್ದೆ. ಅದು ಅಂಗಿ ಒದ್ದೆ ಮಾಡಿದ ಕೂಡಲೇ ವಾಪಸು ಕೊಟ್ಟು, ತಂದೆಯ ಕರ್ತವ್ಯ ಮುಗಿಯಿತೆಂದು ಪೇಪರು ಹಿಡಿದು ಕೂರುತ್ತಿದ್ದೆ. ಅಂಥವನ ಕೈಗೆ ಹೋದ ವರ್ಷ ಮೂವತ್ತನಾಲ್ಕು ಸಾಮಾನುಗಳ ಒಂದು ಪಟ್ಟಿ ಬರೆಯುವ ಕೆಲಸ ಬಂತು.

ತಂದವಳು ಮಗಳು ಸಂಗೀತಾ. ಎಮ್ಮಿಗನೂರಿನ ಬ್ಯಾಂಕೊಂದರಲ್ಲಿ ಆಕೆಗೆ ಕೆಲಸ. ಏಳನೇ ತಿಂಗಳಲ್ಲಿ ಕುಬುಸದ ಶಾಸ್ತ್ರ ಮಾಡಿಸಿಕೊಂಡು, ಚೊಚ್ಚಲ ಹೆರಿಗೆಗೆಂದು ಆದೋನಿಗೆ ನಮ್ಮ ಮನೆಗೆ ಬಂದಿದ್ದಳು. ಬ್ಯಾಂಕಿನ ಗೆಳತಿಯೊಬ್ಬಳು ಅವಳಿಗೆ ಹೊಸದೊಂದು ವಿದ್ಯೆ ಕಲಿಸಿಕೊಟ್ಟಿದ್ದಳು. ಹುಟ್ಟುವ ಕೂಸಿಗೆ ಬೇಕಾದದ್ದನ್ನೆಲ್ಲ ಫೋನಿನಲ್ಲಿ ಪಟ್ಟಿ ಮಾಡಿ ನೆಂಟರಿಗೆ ಕಳಿಸಬೇಕು. ತಾವು ಕೊಡುವುದನ್ನು ಒಬ್ಬೊಬ್ಬರು ಒತ್ತಬೇಕು. ಒತ್ತಿದ ಸಾಮಾನಿನ ಮುಂದೆ ಅವರ ಹೆಸರು ಬಂದು ಅದು ಮುಚ್ಚಿಹೋಗುತ್ತದೆ, ಇನ್ನೊಬ್ಬರಿಗೆ ಒತ್ತಲು ಬರುವುದಿಲ್ಲ. ಹೀಗಾಗಿ ಇಬ್ಬರು ಒಂದೇ ಸಾಮಾನು ತರುವ ಮಾತೇ ಇಲ್ಲ.

ನನಗಿದು ಸರಿ ಕಾಣಲಿಲ್ಲ. ನಮ್ಮ ಕಡೆ ಕೇಳಿ ಇಸಕೊಳ್ಳುವುದಕ್ಕೆ ಉಡುಗೊರೆ ಎನ್ನುವುದಿಲ್ಲ. ಏನೂ ತರಬ್ಯಾಡ್ರಿ, ನೀವು ಬಂದ್ರ ಸಾಕು ಎಂದು ನಾಲ್ಕು ಸಲ ಹೇಳಬೇಕು, ಅವರು ತಂದಾಗ ಯಾಕ ತಂದ್ರಿ ಎಂದು ಐದನೇ ಸಲ ಸಿಟ್ಟು ಮಾಡಬೇಕು. ಸಂಗೀತಾ ವಾದಕ್ಕೆ ಇಳಿಯಲಿಲ್ಲ, ಸೊಳ್ಳೆ ಛತ್ರಿಗಳನ್ನು ನೆನಪಿಸಿದಳು ಅಷ್ಟೆ. ನನ್ನ ಹೆಂಡತಿಯ ತಮ್ಮನ ಮಗನ ತೊಟ್ಟಿಲಿಗೆ ಬಂದವರಲ್ಲಿ ಹನ್ನೊಂದು ಮಂದಿ, ಒಬ್ಬರಿಗೊಬ್ಬರು ಹೇಳಿಕೊಂಡವರ ಹಾಗೆ, ಕೂಸಿನ ಮೇಲೆ ಕವಿಚಿಡುವ ಗುಲಾಬಿ ಬಣ್ಣದ ಸೊಳ್ಳೆ ಛತ್ರಿಯನ್ನೇ ತಂದಿದ್ದರು. ಕೂಸು ಒಂದು, ಛತ್ರಿ ಹನ್ನೊಂದು. ಅದರಲ್ಲಿ ಮೂರು ನಮ್ಮ ಮನೆಗೆ ಬಂದು, ಒಂದು ಮಾವಿನಹಣ್ಣನ್ನೂ ಒಂದು ಮೊಸರಿನ ಗಡಿಗೆಯನ್ನೂ ಇನ್ನೊಂದು ಮಾಳಿಗೆಯ ಮೇಲೆ ಒಣಗುವ ಹಪ್ಪಳವನ್ನೂ ಕಾಯುತ್ತಿವೆ. ನಾನು ಒಪ್ಪಿಕೊಂಡೆ.

ಉಡುಗೊರೆಯ ವಿಷಯದಲ್ಲಿ ನಮ್ಮದು ವಿಚಿತ್ರ ಸೀಮೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಮಗೆ ಉಡುಗೊರೆಗೆ ಎರಡೆರಡು ಹೆಸರು. ಕನ್ನಡದ ಮಾತಿನೊಳಗೆ ಉಡುವ ಬಟ್ಟೆ ಕೂತಿರುವ ಹಾಗೆ ಕೇಳಿಸುತ್ತದೆ. ತೆಲುಗಿನಲ್ಲಿ ಅದು ಚದಿವಿಂಪುಲು, ಅಂದರೆ ಓದಿ ಹೇಳುವುದು. ಮದುವೆಯ ಚಪ್ಪರದಲ್ಲಿ ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಓದುತ್ತಾರಲ್ಲ, ಅದಕ್ಕೇ ಆ ಹೆಸರು. ಅಷ್ಟು ಸಾಲದೆಂದು ನಾವು ಸ್ಟೀಲು ಪಾತ್ರೆಯ ಮೇಲೆ ಹೆಸರು ಕೊರೆಸಿಯೂ ಕೊಡುತ್ತೇವೆ. ನಾನು ದಿನಾ ಮಜ್ಜಿಗೆ ಕುಡಿಯುವ ಲೋಟದ ಮೇಲೆ ಒಬ್ಬ ಮಹಾನುಭಾವರ ಹೆಸರೂ ಮಿಲ್ಲಿನ ಹೆಸರೂ ಇವೆ. ಅವರು ಯಾರೆಂದು ನನಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ಅವರ ಹೆಸರಿಗೆ ತುಟಿ ಹಚ್ಚುತ್ತಿದ್ದೇನೆ. ಇಲ್ಲಿಯವರೆಗೆ ಕೊಟ್ಟ ಮೇಲೆ ಓದುತ್ತಿದ್ದೆವು, ಈಗ ಕೊಡುವ ಮೊದಲೇ ಓದಿಸುತ್ತಿದ್ದಾರೆ, ಅಷ್ಟೇ ವ್ಯತ್ಯಾಸ ಎಂದುಕೊಂಡೆ.

ನನ್ನ ಹೆಂಡತಿ ಗಿರಿಜಾಳದ್ದು ಬೇರೆಯೇ ತಕರಾರು. ಕೂಸು ಹುಟ್ಟುವ ಮೊದಲು ಅದರ ಹೆಸರಿನಲ್ಲಿ ಒಂದು ಎಳೆ ದಾರವೂ ಮನೆಯೊಳಗೆ ಬರಬಾರದು. ತೊಟ್ಟಿಲ ಮಾತೆತ್ತಿದರೂ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ದೇವರ ಮನೆಯ ಕಡೆ ನೋಡುತ್ತಾಳೆ. ತಾಯಿ ಮಗಳ ನಡುವೆ ಎರಡು ದಿನ ಮಾತುಕತೆ ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಪಟ್ಟಿ ಬರೆದರೆ ದೋಷವಿಲ್ಲ, ಸಾಮಾನು ಮಾತ್ರ ಕೂಸು ಬಂದ ಮೇಲೆ ಬರಲಿ. ಬರೆಯುವ ಕೆಲಸ ನನಗೆ ಬಿತ್ತು. ನಮ್ಮ ಮನೆತನದವರೆಲ್ಲ ಹತ್ತಿ ವ್ಯಾಪಾರಕ್ಕೆ ಬಿದ್ದರು, ನಾನೊಬ್ಬ ವ್ಯಾಕರಣಕ್ಕೆ ಬಿದ್ದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಕಾಗುಣಿತ ಬೇಕಾದಾಗ ಮಾತ್ರ ನನ್ನನ್ನು ಕೂಗುತ್ತಾರೆ.

ಏನು ಇಡಬೇಕು, ಏನು ಬಿಡಬೇಕು ಎಂಬುದೇ ಒಂದು ವಾರದ ಕೆಲಸವಾಯಿತು. ಮಗಳು ಕೂಸನ್ನು ಕೂಡಿಸಿ ನೂಕುವ ಗಾಡಿ ಬರೆಸಿದಳು. ನಾನು ಕಣ್ಣು ಮುಚ್ಚಿ ಆ ಗಾಡಿಯನ್ನು ನಮ್ಮ ಮಾರ್ಕೆಟ್ ಯಾರ್ಡಿನ ರಸ್ತೆಗೆ ಇಳಿಸಿ ನೋಡಿದೆ. ಮುಂದೆ ಹತ್ತಿ ತುಂಬಿದ ಲಾರಿ, ಹಿಂದೆ ಆಟೋ, ನಡುವೆ ತಗ್ಗು, ತಗ್ಗಿನಲ್ಲಿ ಹಂದಿ. ಗಾಡಿಯನ್ನು ಹೊಡೆದುಹಾಕಿದೆ. ಪ್ಲಾಸ್ಟಿಕ್ ಸ್ನಾನದ ತೊಟ್ಟಿಯನ್ನು ಗಿರಿಜಾ ಹೊಡೆದುಹಾಕಿದಳು. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎರೆಯುವವರು ಇನ್ನೂ ಬದುಕಿದ್ದಾರೆ ಎಂದಳು. ಆಕೆ ಬಜೆ ಬೇರು ಬರೆಸಿದಳು, ಲೋಬಾನ ಬರೆಸಿದಳು, ಲೋಬಾನದ ಹೊಗೆ ಹಾಕಲು ಮಣ್ಣಿನ ಗಡಿಗೆ ಬರೆಸಿದಳು. ಫೋನು ಅದನ್ನು ಹೂಕುಂಡವೆಂದು ತಿಳಿದು ಗುಲಾಬಿ ಗಿಡದ ಚಿತ್ರ ತೋರಿಸಿತು. ಜವಳ ತೆಗೆಸಲು ಉರುಕುಂದದ ಈರಣ್ಣನ ಗುಡಿಗೆ ಹೋಗಿಬರಲು ಒಂದು ಜೀಪು ಎಂದೂ ಬರೆಸಿದಳು. ಇದು ಉಡುಗೊರೆ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ, ಬಾಡಿಗೆ ಯಾರಾದರೂ ಕೊಡಲೇಬೇಕಲ್ಲ ಎಂದಳು.

ಕೊನೆಯಲ್ಲಿ ಬರೆಸಿದ್ದು ಒಂದು ಹಳೆ ನೂಲಿನ ಸೀರೆ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸುವುದಿಲ್ಲ. ತೊಳೆದು ತೊಳೆದು ಮೆತ್ತಗಾದ ಹಳೆ ಸೀರೆಯಲ್ಲಿ ಸುತ್ತುತ್ತಾರೆ. ಆ ಸೀರೆ ತುಂಬ ಮಕ್ಕಳನ್ನು ಹೆತ್ತು, ಅಷ್ಟೂ ಉಳಿಸಿಕೊಂಡವಳ ಮನೆಯಿಂದ ಬರಬೇಕು. ಅಂಥವರು ನಮ್ಮ ನೆಂಟರಲ್ಲಿ ಒಬ್ಬರೇ, ಕೋಸಗಿಯ ಬಸಮ್ಮತ್ತೆ, ಗಿರಿಜಾಳ ಸೋದರತ್ತೆ. ಆರು ಮಕ್ಕಳು, ಹದಿನಾರು ಮೊಮ್ಮಕ್ಕಳು, ಎಲ್ಲರೂ ಗಟ್ಟಿಮುಟ್ಟು. ಸೀರೆ ಅವರದೇ ಎಂದು ಗಿರಿಜಾ ಎಂದೋ ಮಾತು ಕೊಟ್ಟಾಗಿತ್ತು. ಹೆಸರಿಗೆ ಪಟ್ಟಿಯಲ್ಲಿರಲಿ ಎಂದು ಬರೆಸಿದಳು, ನಾನು ಬರೆದೆ. ಬಸಮ್ಮತ್ತೆಯ ಹತ್ತಿರ ಇರುವುದು ಗುಂಡಿ ಫೋನು, ಅವರು ಒತ್ತಲಾರರು, ಅವರ ಪರವಾಗಿ ನಾನೇ ಒತ್ತಿ ಮುಚ್ಚಬೇಕಿತ್ತು. ಆದರೆ ಸೀರೆಗೆ ದೀರ್ಘ ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದವನು ಒತ್ತುವುದನ್ನೇ ಮರೆತು ನೆಂಟರ ಗುಂಪಿಗೆಲ್ಲ ಕಳಿಸಿಬಿಟ್ಟೆ.

ಆರು ನಿಮಿಷಕ್ಕೆ ಪಟ್ಟಿಯ ಮೊದಲ ಸಾಮಾನು ಮುಚ್ಚಿತು. ಬಜೆಯಲ್ಲ, ಲೋಬಾನವಲ್ಲ, ಹಳೆ ಸೀರೆ. ಪಕ್ಕದಲ್ಲಿ ಹೆಸರು: ಶಾಂತಮ್ಮ, ಎಮ್ಮಿಗನೂರು.

ಶಾಂತಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಭಾವ ಎಮ್ಮಿಗನೂರಿನಲ್ಲಿ ನೇಕಾರರ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಮಕ್ಕಳಾಗಲಿಲ್ಲ. ನಮ್ಮ ಬಳಗದಲ್ಲಿ ಯಾರ ಮನೆಯ ತೊಟ್ಟಿಲಾದರೂ ಅಕ್ಕ ಎಲ್ಲರಿಗಿಂತ ಒಳ್ಳೆಯ ಹೊಸ ಬಟ್ಟೆ ತರುತ್ತಾಳೆ. ಬಂದವಳೇ ಗುಗ್ಗರಿಯ ಬುಟ್ಟಿ ಎತ್ತಿಕೊಂಡು ಹಂಚುವುದಕ್ಕೆ ನಿಲ್ಲುತ್ತಾಳೆ. ಅಕ್ಕ ಇದ್ದರೆ ಗುಗ್ಗರಿಯ ಚಿಂತೆಯಿಲ್ಲ ಎಂದು ಎಲ್ಲರೂ ಹೊಗಳುತ್ತೇವೆ. ಬುಟ್ಟಿ ಹಿಡಿದವಳ ಕೈಗೆ ಯಾರೂ ಕೂಸು ಕೊಡಬೇಕಾಗುವುದಿಲ್ಲ, ಕೊಡಲಿಲ್ಲವೆಂಬ ಮುಜುಗರವೂ ಯಾರಿಗೂ ಆಗುವುದಿಲ್ಲ. ಅಕ್ಕ ಅದಕ್ಕೇ ಆ ಬುಟ್ಟಿ ಹಿಡಿಯುತ್ತಾಳೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಫೋನಿನಲ್ಲಿ ಅವಳ ಹೆಸರು ನೋಡಿದಾಗ ಹೊಳೆಯಿತು.

ಗಿರಿಜಾ ಹೆಸರು ನೋಡಿ ಮೆಲ್ಲಗೆ ಹೇಳಿದಳು: "ಅಕ್ಕಾರ ಮ್ಯಾಲ ನನಗ ಏನೂ ಇಲ್ಲ, ನಿಮಗ ಗೊತ್ತೈತಿ. ಚೊಚ್ಚಲ ಐತ್ರಿ, ನನಗ ಹೆದ್ರಿಕಿ. ಅದನ್ನ ಬಿಡಿಸಿಬಿಡ್ರಿ."

ಬಿಡಿಸುವುದು ಕಷ್ಟವೇನಲ್ಲ. ಪಟ್ಟಿ ಮಾಡಿದವರಿಗೆ ಮೂಲೆಯಲ್ಲಿ ಮೂರು ಚುಕ್ಕೆ ಕಾಣಿಸುತ್ತವೆ. ಒತ್ತಿದರೆ ಹೆಸರು ಅಳಿಸಿ ಸಾಮಾನು ಮತ್ತೆ ತೆರೆಯುತ್ತದೆ. ನಾನು ಫೋನು ಹಿಡಿದು ಮಾಳಿಗೆಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ಸಂಗೀತಾ ಹುಟ್ಟಿದಾಗ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯಾದ ಶಾಂತಕ್ಕನದಾಗಿತ್ತು. ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ನಗೆಯೋ ನಗೆ. ಅಕ್ಕ ಅದಕ್ಕೆಂದೇ ಹೊಸ ಕುಬುಸ ಹೊಲಿಸಿಕೊಂಡು ಬಂದಿದ್ದಳು. ಹಿರಿಯರು ಯಾರೋ, ಮೂರು ಮಕ್ಕಳ ತಾಯಿಯಾದ ದೊಡ್ಡಪ್ಪನ ಮಗಳೇ ಹೇಳಲಿ ಎಂದರು. ಅಕ್ಕ ತಾನಾಗಿಯೇ, ಗುಗ್ಗರಿ ನಾ ಹಂಚ್ತೀನಿ ಬಿಡ್ರಿ ಅಂದಳು. ನಾನು ಎಲೆ ಅಡಿಕೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಯಲ್ಲಿ ಎಲೆಯಿತ್ತು, ಅಗಿಯುತ್ತ ನಿಂತೆ. ಹುಡುಗರಿಗೆ ವರ್ಷಗಟ್ಟಲೆ ಬಾಯಿಬಿಟ್ಟು ಓದ್ರಲೇ ಎಂದು ಗದರಿದ ಮೇಷ್ಟ್ರು ನಾನು.

ಕೆಳಗಿಳಿದು ಬಂದು ಗಿರಿಜಾಳಿಗೆ ಸುಳ್ಳು ಹೇಳಿದೆ. ಒಮ್ಮೆ ಮುಚ್ಚಿದ್ದನ್ನು ಬಿಡಿಸಲು ಬರುವುದಿಲ್ಲವಂತೆ ಎಂದೆ. ಇಂಥ ಸುಳ್ಳು ನನ್ನ ಬಾಯಲ್ಲಿ ಸಲೀಸಾಗಿ ನಡೆಯುತ್ತದೆ, ಯಾಕೆಂದರೆ ಹಿಂದಿನ ವರ್ಷ ಸತ್ತವರ ಮನೆಗೆ ಫೋನಿನಲ್ಲಿ ಸಮಾಧಾನ ಹೇಳಲು ಹೋಗಿ ಕೇಕಿನ ಚಿತ್ರ ಕಳಿಸಿದವನು ನಾನು. ಆದರೂ ಗಿರಿಜಾಳಿಗೆ ಪೂರ್ತಿ ನಂಬಿಕೆ ಬರದೆ ಮಗಳನ್ನು ಕರೆದಳು. ಸಂಗೀತಾ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಮೂರು ಚುಕ್ಕೆ ನೋಡಿದಳು, ಸೋದರತ್ತೆಯ ಹೆಸರು ನೋಡಿದಳು, ನನ್ನ ಮುಖ ನೋಡಿದಳು.

"ಹೌದವ್ವಾ, ಬಿಡಿಸಾಕ ಬರಂಗಿಲ್ಲ" ಅಂದು ಫೋನನ್ನು ನನ್ನ ಜೇಬಿಗೇ ಹಾಕಿದಳು.

ಗಿರಿಜಾ ಸೋಲುವವಳಲ್ಲ. ಬಸಮ್ಮತ್ತೆಗೆ ಫೋನು ಮಾಡಿ, ನೀವೂ ತರ್ರಿ, ಮೊದಲು ನಿಮ್ಮದೇ ಸುತ್ತೋಣ ಎಂದು ಗುಟ್ಟಾಗಿ ಹೇಳಿಟ್ಟಳು. ಗುಟ್ಟು ನನಗೆ ಕೇಳಿಸಿತು. ಹೆರಿಗೆ ಹತ್ತಿರವಾದಂತೆಲ್ಲ ಮನೆಯಲ್ಲಿ ಎಲ್ಲರಿಗೂ ಕೂಸಿನ ಚಿಂತೆಯಾದರೆ ನನಗೆ ಎರಡು ಸೀರೆಗಳ ಚಿಂತೆ.

ಹೆಣ್ಣು ಕೂಸು. ಬೆಳಿಗ್ಗೆ ಏಳಕ್ಕೆ ಹುಟ್ಟಿತು. ಎಂಟೂವರೆಗೆ ಶಾಂತಕ್ಕ ಎಮ್ಮಿಗನೂರಿನ ಬಸ್ಸಿಳಿದು ಆಸ್ಪತ್ರೆಗೆ ಬಂದು, ಚೀಲವನ್ನು ಎದೆಗವಚಿಕೊಂಡು ವರಾಂಡದ ಗೋಡೆಗೆ ಆನಿಕೊಂಡು ನಿಂತಳು. ಒಳಗೆ ಬಾ ಎಂದರೆ, ಇರಲಿ ಬಿಡು, ಗಾಳಿ ಚೆನ್ನಾಗೈತಿ ಇಲ್ಲೆ ಅಂದಳು. ಗಾಳಿ ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಕೋಸಗಿಯ ರೈಲಿಳಿದು ಬಸಮ್ಮತ್ತೆಯೂ ಬಂದರು. ನರ್ಸು ಬಾಗಿಲಿಗೆ ಬಂದು, ಆಸ್ಪತ್ರೆಯ ಬಟ್ಟೆ ಬದಲಿಸಬೇಕು, ಮೆತ್ತನೆ ಬಟ್ಟೆ ಕೊಡಿ ಎಂದಳು. ಗಿರಿಜಾ ಬಸಮ್ಮತ್ತೆಯ ಚೀಲದ ಕಡೆ ನೋಡಿದಳು, ನಾನು ನೆಲ ನೋಡಿದೆ, ಅಕ್ಕ ಕಿಟಕಿಯ ಹೊರಗೆ ನೋಡತೊಡಗಿದಳು.

ಬಸಮ್ಮತ್ತೆ ಚೀಲ ಬಿಚ್ಚಲಿಲ್ಲ. ಬಿಚ್ಚ್ರಿ ಎಂದು ಗಿರಿಜಾ ಒತ್ತಾಯ ಮಾಡಿದ ಮೇಲೆ ಬಿಚ್ಚಿದರು. ಒಳಗಿದ್ದದ್ದು ಅಂಗಡಿಯ ಮಡಿಕೆಯೂ ಸರಿಯಾಗಿ ಹೋಗಿರದ, ಖಡಕ್ಕಾದ ಹೊಸ ಸೀರೆ.

"ಏನ್ ಮಾಡ್ಲವ್ವಾ, ನನ್ನ ಹತ್ರ ಹಳೇದು ಅನ್ನೋದು ಒಂದೂ ಉಳದಿಲ್ಲ" ಎಂದರು. "ನಮ್ಮ ಹದಿನಾರಕ್ಕ ಆತು, ಊರವರಿಗೆ ಆತು, ನಿಮ್ಮಂಥ ಬಳಗಕ್ಕ ಆತು. ಎಲ್ಲಾರೂ ಕೇಳೋರ. ಈಗ ಐದಾರು ವರ್ಷದಿಂದ ಹೊಸಾದು ತಂದು, ಸೋಡಾ ಹಾಕಿ ಕುದಿಸಿ, ಬಂಡೆಗಲ್ಲಿಗೆ ಬಡದು ಹಳೇದು ಮಾಡಿ ಕೊಡ್ತೀನಿ. ಇದು ಮೂರು ದಿನ ಬಡದ್ರೂ ಮೆತ್ತಗಾಗವಲ್ದು."

ನನಗೆ ನಗು ಬಂತು, ಗಿರಿಜಾಳ ಮುಖ ನೋಡಿ ನುಂಗಿಕೊಂಡೆ. ಬಸಮ್ಮತ್ತೆ ಅಕ್ಕನ ಚೀಲಕ್ಕೆ ತಾವೇ ಕೈಹಾಕಿ ಸೀರೆ ಹೊರಗೆಳೆದರು. ಎಮ್ಮಿಗನೂರಿನ ಕೈಮಗ್ಗದ್ದು. ಹಸಿರು ಬಣ್ಣ ತೊಳೆದು ತೊಳೆದು ಮಾಸಿ ಹೋಗಿತ್ತು. ಬೆರಳಲ್ಲಿ ತಿಕ್ಕಿ ನೋಡಿ, ಕೆನ್ನೆಗೆ ಒತ್ತಿ ನೋಡಿ, ಇಂಥಾದ್ದು ಇಟ್ಟುಕೊಂಡು ನನಗ್ಯಾಕ ಸೋಡಾ ಕುದಿಸಾಕ ಹಚ್ಚಿದ್ರಿ ಎಂದು ಗಿರಿಜಾಳನ್ನೇ ಬೈದರು.

ಗಿರಿಜಾ ಸೀರೆ ಇಸಕೊಂಡಳು. ಹೆದರಿಕೆ ಅಷ್ಟು ಬೇಗ ಹೋಗುವಂಥದ್ದಲ್ಲ, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಆದರೂ ಸೀರೆಯನ್ನು ತಿರುಗಿ ಅಕ್ಕನ ಕೈಗೇ ಇಟ್ಟಳು.

"ಅಕ್ಕಾರ, ನಡ್ರಿ ಒಳಗ. ನೀವಽ ಸುತ್ರಿ" ಅಂದಳು.

ಅಕ್ಕ ಒಳಗೆ ಹೋದಳು. ನಾನು ಹೋಗಲಿಲ್ಲ. ಈ ಸಲವೂ ಬಾಗಿಲಲ್ಲೇ ನಿಂತೆ, ಬಾಯಲ್ಲಿ ಎಲೆ ಮಾತ್ರ ಇರಲಿಲ್ಲ.

ಮಧ್ಯಾಹ್ನ ಅಕ್ಕನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ, ಇಷ್ಟು ಒಳ್ಳೆ ಸೀರೆ ಎಲ್ಲಿತ್ತು ಎಂದು ಕೇಳಿದೆ. "ಟ್ರಂಕಿನ ತುಂಬ ಅದಾವಪ್ಪ. ಯುಗಾದಿಗೊಂದು ತಗೊಂಡದ್ದು. ಯಾರೂ ಕೇಳಲಿಲ್ಲ, ಹಂಗಽ ಉಳದಾವ" ಎಂದಳು. ಮತ್ತೆ ನಗುತ್ತ ಸೇರಿಸಿದಳು, "ನೀನು ಒಂದು ಅಂತ ಬರ್ದಿದ್ದಿ ಕದಾ, ಅದಕ್ಕ ಒಂದಽ ತಂದೆ."

ಬಸ್ಸು ಹೋದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಫೋನು ತೆಗೆದೆ. ಹಳೆ ನೂಲಿನ ಸೀರೆಯ ಮುಂದಿದ್ದ ಒಂದನ್ನು ಅಳಿಸಿ ಹತ್ತು ಎಂದು ಬರೆದು, ಮತ್ತೆ ಎಲ್ಲರಿಗೂ ಕಳಿಸಿದೆ. ಬಸ್ಸು ಇನ್ನೂ ಊರು ದಾಟಿರಲಿಕ್ಕಿಲ್ಲ. ಹತ್ತೂ ಮುಚ್ಚಿದವು, ಹತ್ತರ ಮುಂದೂ ಅದೇ ಹೆಸರು.

ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು. ಪಟ್ಟಿಯ ಸಾಮಾನೆಲ್ಲ ಬಂತು, ಜೀಪಿಗೂ ಒಬ್ಬರು ಸಿಕ್ಕರು, ಪಟ್ಟಿ ನೋಡದ ನಾಲ್ಕು ಮಂದಿ ಸೊಳ್ಳೆ ಛತ್ರಿಯನ್ನೂ ತಂದರು. ಅಳಿಯನ ತಂಗಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿಂದಳು. ಗುದ್ದಿದವರಲ್ಲಿ ಬಸಮ್ಮತ್ತೆಯದೇ ಜೋರು. ಎಲ್ಲ ಮುಗಿದ ಮೇಲೆ ಮಾತ್ರ ಬಳಗದವರದು ಒಂದೇ ದೂರು. ಗುಗ್ಗರಿ ಕೆಲವರಿಗೆ ಎರಡೆರಡು ಸಲ ಸಿಕ್ಕಿದೆ, ಹಿಂದೆ ಕೂತವರಿಗೆ ಒಂದು ಕಾಳೂ ಮುಟ್ಟಿಲ್ಲ, ಹಿಂಗ ಎಂದೂ ಆಗಿರಲಿಲ್ಲ ಎಂದರು. ತಪ್ಪು ನನ್ನದೇ. ಶಾಂತಕ್ಕನ ಕೈಯಲ್ಲಿ ಕೂಸಿತ್ತು, ಬುಟ್ಟಿ ನಾನು ಹಿಡಿದಿದ್ದೆ.