ಹಸಿರು ಕುರ್ಚಿಯ ಗವಸು

ರೊಂಡಾ ಕಣಿವೆಯ ಗಣಿ ಕಾರ್ಮಿಕರ ಬೀದಿಯಲ್ಲಿ ಒಗೆದು ಹರವಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಅಂಥ ಕಲ್ಲಿದ್ದಲ ಧೂಳಿನ ನಡುವೆ ಒಲ್ವೆನ್ ತವರಿನವರು ಕೊಟ್ಟ ಹಸಿರು ಮಖಮಲ್ಲಿನ ಕುರ್ಚಿಯನ್ನು ಮೂವತ್ತು ವರ್ಷ ಹೊಸದಾಗಿಯೇ ಉಳಿಸಿದಳು ಅಂದರೆ ಸಾಮಾನ್ಯ ಮಾತಲ್ಲ. ಹಳೆಯ ಹಾಸಿಗೆ ಬಟ್ಟೆ ಕತ್ತರಿಸಿ, ಅದಕ್ಕೆ ಅಳತೆಗೆ ಸರಿಯಾಗಿ ಗವಸು ಹೊಲಿದಿದ್ದಳು. ಗವಸು ತೆಗೆಯುವುದು ಮನೆಗೆ ಪಾದ್ರಿ ಬಂದಾಗ, ಇಲ್ಲವೇ ಸಾವಾದಾಗ. ಬೀದಿಯ ಎಲ್ಲ ಮನೆಗಳಲ್ಲೂ ಇದೇ ಕಟ್ಟಳೆ. ಒಲ್ವೆನ್‌ದು ಮಾತ್ರ ಒಂದು ಕೈ ಮೇಲು.

ಗಂಡ ಎಮ್ಲಿನ್ ಗಣಿಯಿಂದ ಬಂದು, ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಮಿಂದು, ಅಡುಗೆಮನೆಯ ಬೆಂಚಿನ ಮೇಲೆ ಕೂರುತ್ತಿದ್ದ. ಮದುವೆಯ ಹೊಸದರಲ್ಲಿ ಒಮ್ಮೆ ಆ ಕುರ್ಚಿಯಲ್ಲಿ ಕೂತಿದ್ದ. "ಏಳು ಮೇಲೆ! ಬೆನ್ನಲ್ಲಿ ಇನ್ನೂ ಮಸಿ ಇದೆ," ಎಂದು ಅವಳು ಎಬ್ಬಿಸಿದ್ದಳು. ಪಾಪ, ಆಮೇಲೆ ಅತ್ತ ತಲೆ ಹಾಕಿರಲಿಲ್ಲ.

ಐವತ್ತೆರಡನೆಯ ವಯಸ್ಸಿಗೆ ಅವನ ಎದೆಯೊಳಗೆ ಗಣಿಯ ಧೂಳು ತುಂಬಿಹೋಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ, ಒರಗಿ ಕೂತೇ ನಿದ್ದೆ ಮಾಡಬೇಕು ಎಂದರು ಡಾಕ್ಟರು. ಮನೆಯಲ್ಲಿ ಒರಗುವ ಕುರ್ಚಿ ಇದ್ದದ್ದು ಒಂದೇ. ಒಲ್ವೆನ್ ಗವಸು ಕಿತ್ತು ಮೂಲೆಗೆಸೆದಳು.

"ಬಾ, ಕೂತ್ಕೋ."

"ಯಾಕೆ, ಪಾದ್ರಿ ಬರ್ತಿದ್ದಾರಾ?"

"ಪಾದ್ರೀನೂ ಇಲ್ಲ, ಪಿಶಾಚೀನೂ ಇಲ್ಲ. ನಿಂಗೇ ಕಣೋ ಇದು."

ಎಮ್ಲಿನ್ ಬಾಗಿಲು ಹಿಡಿದು ಏದುಸಿರು ಬಿಡುತ್ತ ನಿಂತ. "ಗವಸು ಹಾಕು ಒಲ್ವೆನ್. ಬೆವರು ಹತ್ತುತ್ತೆ."

"ಹತ್ತಲಿ, ಹಾಳಾಗಿ ಹೋಗ್ಲಿ! ನಾನೇ ಹೇಳ್ತಿದ್ದೀನಲ್ಲ!"

"ನೀ ಹೇಳ್ತೀಯ. ಮೂವತ್ತು ವರ್ಷದ ಅಭ್ಯಾಸ, ಮೈ ಕೇಳಬೇಕಲ್ಲ," ಎಂದು ನಕ್ಕ. ನಗು ಕೆಮ್ಮಾಯಿತು.

ಬೈದಳು, ಬೇಡಿಕೊಂಡಳು, ಅತ್ತಳು. ಅವನು ಕೂರಲಿಲ್ಲ. ಅವನು ನಿಂತು ಒದ್ದಾಡುವುದನ್ನು ನೋಡಲಾರದೆ ಕೊನೆಗೆ ಅವಳೇ ಗವಸು ತಂದು ಹೊದಿಸಿದಳು. ಆಗ ಕೂತ, ಕೂತವನೇ ನಿದ್ದೆ ಹೋದ. ತನ್ನ ಕೈಯಾರೆ ಹೊಲಿದ ಆ ಬಟ್ಟೆಯ ಮೇಲೆ ಅವಳಿಗೆ ಹುಟ್ಟಿದ ಸಿಟ್ಟು ಅಷ್ಟಿಷ್ಟಲ್ಲ.

ಹನ್ನೊಂದು ವಾರ ದಿನವೂ ಕೇಳಿದಳು, "ಇವತ್ತು ತೆಗೀಲಾ?"

"ನಾಳೆ ನೋಡೋಣ," ಅನ್ನುತ್ತಿದ್ದ.

ಮಾರ್ಚಿನಲ್ಲಿ, ಗವಸಿನ ಮೇಲೆ ಒರಗಿದ್ದ ಹಾಗೆಯೇ, ಎಮ್ಲಿನ್ ತೀರಿಕೊಂಡ.

ಮಣ್ಣು ಮಾಡಿದ ದಿನ ನೆರೆಯವರು ಕಟ್ಟಳೆಯಂತೆ ಗವಸು ತೆಗೆದಿಟ್ಟರು. ಪಾದ್ರಿ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ಮಖಮಲ್ಲಿನ ಮೇಲೆ ಕೈಯಾಡಿಸಿದರು.

"ಏನು ಚೆಂದ ಇಟ್ಕೊಂಡಿದ್ದೀಯಮ್ಮ! ಮನೆಯವರು ಯಾರೂ ಕೂತೇ ಇಲ್ಲವೇನೋ ಅನ್ನಿಸುತ್ತೆ."

"ಹೌದು ಪಾದ್ರಿಗಳೇ," ಎಂದಳು ಒಲ್ವೆನ್. "ನಾನು ಕೂರಕ್ಕೆ ಬಿಡಲಿಲ್ಲ."