ಪಾರಮ್ಮ ದಾಟಿದ ಹಗ್ಗ

“ಹೌದವಾ, ನಾ ಕಪಿಲಿ ಹಗ್ಗ ದಾಟೀನಿ. ಇಲ್ಲಂತ ಯಾವಾಗ ಅಂದೀನಿ? ಹೊತ್ತು ನೆತ್ತಿ ಮ್ಯಾಲ ಬಂದಿತ್ತು. ತಲಿ ಮ್ಯಾಲ ಬುತ್ತಿ ಪುಟ್ಟಿ, ಕೈಯಾಗ ಮಜ್ಜಿಗಿ ತಂಬಿಗಿ. ಎತ್ತು ನಿಂತಿದ್ವು, ಹಗ್ಗ ದಾರಿಗಿ ಅಡ್ಡ ಬಿದ್ದಿತ್ತು. ದಾಟದ ಹಾರಿ ಹೋಗಾಕ ನನಗೇನ ರೆಕ್ಕಿ ಅದಾವ? ಮರುದಿನ ಹಗ್ಗ ಹರೀತು, ನಮ್ಮ ಮನಿಯವ್ರು ಬಿದ್ರು. ಅವತ್ತಿನಿಂದ ಈ ಓಣ್ಯಾಗ ಯಾರ ಬಾಯಾಗ ನೋಡಿದ್ರೂ ಅದ ಮಾತು. ಮಳಿ ತಡಾ ಆದ್ರೂ ಪಾರಿ ಹಗ್ಗ ದಾಟಿದ್ಲು, ಆಕಳ ಒದ್ರೂ ಪಾರಿ ಹಗ್ಗ ದಾಟಿದ್ಲು. ಆ ಹಗ್ಗ ಎಣ್ಣಿ ಕಂಡು ಎಷ್ಟ ದಿನ ಆಗಿತ್ತು, ಅದನ್ನ ಒಬ್ಬರೂ ಕೇಳಂಗಿಲ್ಲ. ಹುಲಿಗವ್ವ, ನೀನೂ ಅದನ್ನ ಹೇಳಾಕ ಬಂದಿದ್ರ ಕುಂದರಬ್ಯಾಡ, ಹಂಗ ಹೋಗಿಬಿಡು.”

ಪಕ್ಕದ ಮನೆಯ ಹುಲಿಗವ್ವ ಹೋಗಲಿಲ್ಲ, ಕಟ್ಟೆಯ ಮೇಲೆ ಇನ್ನಷ್ಟು ಸರಿದು ಕೂತಳು. “ಹಗ್ಗಲ್ಲ ಬಿಡವಾ. ಈ ಕಾಲುನೋವು ವಾಯು. ಬಾಲಪ್ಪಗ ಬದನಿಕಾಯಿ ಹಾಕೋದ ಬಿಡು” ಎಂದಳು. ಪಾರಮ್ಮ ಹಣೆ ಚಚ್ಚಿಕೊಂಡಳು.

ನವಲಿಯ ಹೊರಗಿನ ಅವರ ತೋಟಕ್ಕೆ ಕಪಿಲೆಯ ನೀರು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯೊಳಗಿಂದ ತೊಗಲಿನ ಚೀಲ ತುಂಬಿ ಮೇಲೆ ಬರುತ್ತದೆ. ಇಳಿಯುವಾಗ ಎತ್ತುಗಳಿಗೆ ಭಾರ ಕಡಿಮೆಯಾಗಲೆಂದು ಹೊಡೆಯುವವನು ಹಗ್ಗದ ಮೇಲೇ ಕೂಡುತ್ತಾನೆ. ಪಾರಮ್ಮನ ಗಂಡ ಬಾಲಪ್ಪ ಹಾಗೆ ಕೂತು ಹಾಡುತ್ತಿದ್ದಾಗಲೇ ಹಗ್ಗ ಹರಿದು, ಇಳಿಜಾರಿನ ಕಲ್ಲಿಗೆ ಮೊಣಕಾಲು ಬಡಿದು ಬಿದ್ದ. ಎಡಗಾಲು ಗಿಡ್ಡಾಗಿ ಒಳಗೆ ತಿರುಗಿತ್ತು. ತೊಡೆಯ ಕೀಲು ತಪ್ಪಿತ್ತು.

ಎಲುಬು ಕೂಡಿಸುವ ಬಾಬಾಸಾಬ ಇದ್ದದ್ದು ಕನಕಗಿರಿಯಲ್ಲಿ, ಬಂಡಿ ಕಟ್ಟಿದರೆ ಸಂಜೆಯೊಳಗೆ ಕರೆತರಬಹುದಿತ್ತು. ಆದರೆ ಅತ್ತೆ ಮುದುಕಮ್ಮ ಹೊಸ್ತಿಲಿಗೆ ಅಡ್ಡ ಕೂತಳು. ಹೆಂಗಸು ದಾಟಿದ ಹಗ್ಗದಿಂದ ಬಿದ್ದವನ ಮೈಗೆ, ಬಾವಿಗೆ ಅಮಾವಾಸ್ಯೆಯ ಪೂಜೆ ಆಗುವ ತನಕ ಯಾರೂ ಕೈ ಹಚ್ಚಬಾರದು ಎಂಬುದು ಅವಳ ತವರಿನ ರೂಢಿ.

“ಅತ್ತಿ, ಅಮಾಸಿಗಿ ಇನ್ನೂ ವಾರದ ಮ್ಯಾಲ ಐತಿ. ಅವ್ರು ನರಳೋದು ಕೇಳಸವಲ್ದೇನು?”

“ದಾಟೋವಾಗ ನಿನಗ ಕಣ್ಣು ಕಾಣಲಿಲ್ಲ. ಈಗ ನನಗ ಕಿವಿ ಕೇಳಸವಲ್ದು.”

ಪೂಜೆಯಾಯಿತು, ಕಾಯಿ ಒಡೆಯಿತು, ಆಮೇಲೆ ಬಾಬಾಸಾಬ ಬಂದ. ಕಾಲು ನೋಡಿದವನೇ ಸಿಡುಕಿದ: “ಇಷ್ಟ ದಿನ ಏನ್ ಉಪ್ಪಿನಕಾಯಿ ಹಾಕಿದ್ರೇನ್ರಿ ಇದನ್ನ?” ನಾಲ್ಕು ಜನ ಬಾಲಪ್ಪನನ್ನು ಹಿಡಿದರು. ಬಾಬಾಸಾಬ ಬೆವರಿಳಿಸಿ ಎಳೆದ ಮೇಲೆ ಕೀಲು ಟಕ್ಕೆಂದು ಕೂತಿತು. “ಹೊರಗ ಕೂಡಿಸೀನಿ. ಒಳಗ ಏನಾಗೈತೋ ಅಲ್ಲಾಗ ಗೊತ್ತು. ಮೂರು ತಿಂಗಳು ಕಾಲು ಊರಬ್ಯಾಡ” ಎಂದು ಹೋದ. ಬಾಲಪ್ಪ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹಗ್ಗದ ಮೇಲಿದ್ದ.

ವರುಷ ಚೆನ್ನಾಗಿಯೇ ಕಳೆಯಿತು. ಆಮೇಲೆ ತೊಡೆಸಂದಿನಲ್ಲಿ ನೋವು ಶುರುವಾಯಿತು. ಮೊದಲು ಹತ್ತುವಾಗ, ಆಮೇಲೆ ನಡೆಯುವಾಗ, ಕಡೆಗೆ ಮಲಗಿದರೂ. ಬಾಲಪ್ಪ ನೋವಿಗೆಂದು ಸೇಂದಿ ಕುಡಿದ. ಮುದುಕಮ್ಮ ತಾಯತ ಕಟ್ಟಿಸಿದಳು. ಓಣಿಯವರು ಎಣ್ಣೆ ತಂದರು, ಎಣ್ಣೆಯ ಜತೆ ಹಗ್ಗದ ಮಾತನ್ನೂ ತಂದರು. ಪಾರಮ್ಮನಿಗೆ ಗಂಡನ ಕಾಲಿನಷ್ಟೇ ಇನ್ನೊಂದು ಬೇಕಾಗಿತ್ತು: ಈ ಕಾಲು ಕೆಟ್ಟದ್ದು ನಿನ್ನಿಂದಲ್ಲ ಎಂದು ಒಬ್ಬರಾದರೂ ಹೇಳಬೇಕು.

ಹುಲಿಗವ್ವ ಬದನೆಕಾಯಿಯ ಮಾತು ತೆಗೆದ ಮರುದಿನವೇ ಅವಳು ಬಂಡಿ ಕಟ್ಟಿಸಿದಳು. ಕೊಪ್ಪಳದಿಂದ ಗದಗಿಗೆ ರೈಲು. ಮಹಾಯುದ್ಧದ ದಿನಗಳು, ಡಬ್ಬಿಯಲ್ಲಿ ಕಾಲಿಡಲೂ ಜಾಗವಿಲ್ಲ. ಮುದುಕಮ್ಮನೂ ಹಟ ಹಿಡಿದು ಬಂದಳು.

ದವಾಖಾನೆಯಲ್ಲಿ ಎಲುಬಿನ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. “ತೊಡಿ ಎಲುಬಿನ ತಲಿ ಗುಂಡಗ ಇರಬೇಕು. ಇಲ್ಲಿ ನೋಡ್ರಿ, ಒಂದು ಮಗ್ಗಲ ಚಪ್ಪಟಿ ಆಗೈತಿ. ಈ ಎಲುಬು ಸತ್ತೈತಿ.”

“ಮನಷಾ ಬದುಕಿರಬೇಕಾದ್ರ ಎಲುಬು ಹೆಂಗ ಸಾಯ್ತೈತ್ರಿ?” ಎಂದಳು ಪಾರಮ್ಮ.

“ಅದಕ್ಕೂ ರಕ್ತ ಬೇಕವಾ. ಕೀಲು ತಪ್ಪಿದಾಗ ಆ ತಲಿಗಿ ಹೋಗೋ ಸಣ್ಣ ಸಣ್ಣ ರಕ್ತದ ನರ ಹರೀತಾವು, ಇಲ್ಲಾ ಹಿಚಕಿ ಹೋಗತಾವು. ಬಿದ್ದ ದಿನಾನ ಕೂಡಿಸಿದ್ರ ಎಷ್ಟೋ ಮಂದೀದು ಉಳಿತೈತಿ. ಕೀಲು ಹೊರಗ ಇದ್ದಷ್ಟೂ ಕೇಡು. ಇವ್ರದು ಯಾವಾಗ ಕೂಡಿಸಿದ್ರಿ?”

ಪಾರಮ್ಮ ಅತ್ತೆಯ ಕಡೆ ನೋಡಿದಳು. ಮುದುಕಮ್ಮ ಫೋಟೋದ ಕಡೆ ನೋಡಿದಳು.

“ಅಮಾಸಿಗ್ರಿ” ಎಂದ ಬಾಲಪ್ಪ.

ಡಾಕ್ಟರಿಗೆ ತಿಳಿಯಲಿಲ್ಲ. ಪಾರಮ್ಮ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. “ಸೆರೆ ಗಿರೆ ಕುಡಿಯೋದು ಏನರೆ ಐತೇನು?”

“ಇಲ್ರಿ” ಎಂದ ಬಾಲಪ್ಪ.

“ಐತ್ರಿ” ಎಂದಳು ಪಾರಮ್ಮ. “ತುಂಬಿದ ಗಡಿಗಿ ಇವ್ರನ್ನ ಕಂಡ್ರ ಅಂಜತೈತಿ.”

“ಅದೂ ಈ ಎಲುಬು ಸಾಯಾಕ ಒಂದು ಕಾರಣ. ಬೀಳದವ್ರಿಗೂ ಕುಡಿತದಿಂದ ಹಿಂಗ ಆಗಿದ್ದು ನೋಡೀನಿ. ಯಾವ ಕಾರಣಾನೂ ಸಿಗದವ್ರೂ ಇರ್ತಾರ. ಇನ್ನ ಮ್ಯಾಲ ಸೆರೆ ಬಿಡಬೇಕು, ಕಂಕುಳಕ್ಕ ಕೋಲು ಹಿಡಿಬೇಕು, ಹಗ್ಗದ ಮ್ಯಾಲ ಕೂಡಬಾರದು. ಸತ್ತದ್ದನ್ನ ಎಬ್ಬಸಾಕ ನನಗ ಬರಂಗಿಲ್ಲ.”

ಕಾಲುವೆ ನಡುವೆ ಒಡೆದರೆ ಕಡೆಯ ಮಡಿಯ ಪೈರು ಅವತ್ತೇ ಒಣಗುವುದಿಲ್ಲ, ಹಸಿರಾಗಿಯೇ ಇದ್ದು ಆಮೇಲೆ ಒಣಗುತ್ತದೆ. ಪಾರಮ್ಮನಿಗೆ ಆ ಚೆನ್ನಾಗಿದ್ದ ವರುಷದ ಅರ್ಥ ಈಗ ತಿಳಿಯಿತು. ರೈಲಿನಲ್ಲಿ ಅವಳು ಅತ್ತೆಯ ಒಂದು ಮಾತಿಗೆ ಕಾದಳು. ಕೊಪ್ಪಳ ಬಂತು, ಮಾತು ಬರಲಿಲ್ಲ.

ಬಂಡಿ ಇಳಿಯುವ ಮೊದಲೇ ಹುಲಿಗವ್ವ ಹಾಜರು. “ಏನಂದ್ರವಾ ಡಾಕ್ಟರು?”

ಮುದುಕಮ್ಮ ಸೆರಗು ಸರಿಮಾಡಿಕೊಂಡಳು. “ಎಲುಬಿಗಿ ರಗತ ಹೋಗವಲ್ದಂತ. ಹೆಂಗ ಹೋದೀತು? ಈಕಿ ಹಗ್ಗ ದಾಟಿದ್ಲಲ್ಲ.”

ಪಾರಮ್ಮ ಕೈಯಲ್ಲಿದ್ದ ಗಂಟನ್ನು ನೆಲಕ್ಕೆ ಕುಕ್ಕಿದಳು. ಅವಳು ಬಾಯಿ ತೆಗೆಯುವ ಮೊದಲು ಬಂಡಿಯೊಳಗಿಂದ ಬಾಲಪ್ಪನ ದನಿ ಬಂತು. ಹುಟ್ಟಿದಾಗಿನಿಂದ ಅವನು ತಾಯಿಗೆ ಎದುರಾಡಿದವನಲ್ಲ.

“ಯವ್ವಾ, ಸಾಕ ಮಾಡು. ಹಗ್ಗಕ್ಕ ಎಣ್ಣಿ ಹಚ್ಚದ ಬಿಟ್ಟಾಂವ ನಾನು. ಅಮಾಸಿ ತನಕ ನನ್ನ ಕೆಡವಿದಾಕಿ ನೀನು. ಪಾರಿ ಏನೂ ಮಾಡಿಲ್ಲ. ಹುಲಿಗವ್ವಕ್ಕಾ, ಓಣಿಗೆಲ್ಲಾ ಹೇಳು.”

ಹುಲಿಗವ್ವನಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

ಮುದುಕಮ್ಮ ಗೋಡೆಗೆ ಮುಖ ಮಾಡಿ ಮಲಗಿ ರೊಟ್ಟಿ ಮುಟ್ಟಲಿಲ್ಲ. ಈಗ ಅವಳನ್ನು ಉಣ್ಣಿಸುವ ಕೆಲಸವೂ ಪಾರಮ್ಮನ ಪಾಲಿಗೇ ಬಂತು. “ಉಣ್ರಿ ಅತ್ತಿ. ನೀವು ಉಪಾಸ ಸತ್ರ ಅದಕ್ಕೂ ಹಗ್ಗಾನ ಕಾರಣ ಆಕ್ಕೈತಿ” ಎಂದಾಗ ಮುದುಕಿ ಒಂದು ತುತ್ತು ಮುರಿದಳು.

ಮರುದಿನ ಬಾಲಪ್ಪನ ಬದಲು ಅವನ ತಮ್ಮ ಕಪಿಲೆ ಹೊಡೆಯುತ್ತಿದ್ದ. ಬಾಲಪ್ಪ ಕೋಲು ಪಕ್ಕಕ್ಕಿಟ್ಟು, ಬೇವಿನ ನೆರಳಲ್ಲಿ ಕೂತು ಹಳೇ ಹಗ್ಗಕ್ಕೆ ಔಡಲೆಣ್ಣೆ ತಿಕ್ಕುತ್ತಿದ್ದ. ಎತ್ತುಗಳನ್ನು ನಿಲ್ಲಿಸಿದಾಗ ಹೊಸ ಹಗ್ಗ ದಾರಿಗೆ ಅಡ್ಡ ಬಿತ್ತು. ಪಾರಮ್ಮ ಸಲಿಕೆ ಹಿಡಿದು ಬಂದು ಅದರ ಮುಂದೆ ನಿಂತಳು.

ಬಾವಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕಮ್ಮ ಎತ್ತಲೋ ನೋಡುತ್ತ ಅಂದಳು: “ಸೀರಿ ಎತ್ತಿ ಹಿಡಕೊಂಡು ದಾಟು. ಹಗ್ಗ ಹಸೀ ಐತಿ, ಕೆಸರಾದೀತು.”

ಪಾರಮ್ಮ ದಾಟಿದಳು. ಉಳ್ಳಾಗಡ್ಡಿಯ ಮೊದಲ ಮಡಿ ತುಂಬಿತ್ತು. ಸಲಿಕೆಯಿಂದ ಅದರ ಬಾಯಿಗೆ ಮಣ್ಣು ಹಾಕಿ ಮುಚ್ಚಿ, ಪಕ್ಕದ ಮಡಿಯ ಬಾಯಿ ಬಿಡಿಸಿ ನೀರು ತಿರುವಿದಳು.