ಮೈಕಕ್ಕ ಮತ್ತು ಮೂರನೆಯ ನಾಬ್

ಅಹವಾಲು ಸಭಾಂಗಣದ ಧ್ವನಿವರ್ಧಕ ನೋಡಿಕೊಳ್ಳುವವಳನ್ನು ಎಲ್ಲರೂ ಮೈಕಕ್ಕ ಎನ್ನುತ್ತಾರೆ. ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕಲಿತ ವಿದ್ಯೆ, ಸರ್ಟಿಫಿಕೇಟಿಲ್ಲ, ಕಿವಿಯಿದೆ. ಕೆಲಸಕ್ಕೆ ಸೇರಿ ಮೂರೇ ವಾರವಾಗಿತ್ತು.

ಅಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಹೇಳಿದ್ದು ಗುಮಾಸ್ತನಿಗೆ ತಿಳಿಯದಿದ್ದರೆ ದಾಖಲೆಯಲ್ಲಿ ‘ಅಸ್ಪಷ್ಟ’ ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ. ಬಡವರ ಬಾಯಿಗೆ ಬೀಗ ಜಡಿಯಲು ಇದಕ್ಕಿಂತ ಸಭ್ಯವಾದ ಉಪಾಯ ಉಂಟೇ?

ಆ ಬೆಳಿಗ್ಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ಮೈಕಿನ ಮುಂದೆ ನಿಂತಳು. ಹಾಸಿಗೆ ಬಟ್ಟೆಯ ಮಡಿಕೆಗಳಲ್ಲಿ ಉಳಿದ ಇಂಜೆಕ್ಷನ್ ಸೂಜಿಗಳು ಒಗೆಯುವವರ ಕೈ ಚುಚ್ಚುತ್ತಿದ್ದವು. ಅವಳು ಕೇಳಲು ಬಂದದ್ದು ದಪ್ಪನೆಯ ಕೈಗವಸು, ಅಷ್ಟೇ. ಸ್ಪೀಕರಿನಿಂದ ಹೊರಟದ್ದು ಮಾತ್ರ ಕಂಬಳಿಯೊಳಗಿನ ಗೊಣಗು.

“ಬಾಯಿ ಬಿಟ್ಟು ಮಾತಾಡಮ್ಮ,” ಎಂದರು ಅಧ್ಯಕ್ಷರು.

“ಬಿಟ್ಟೇ ಇದೀನಿ ಸ್ವಾಮಿ, ಬಂದು ಹಲ್ಲು ಎಣಿಸ್ತೀರಾ?” ಮೈಕಿನಿಂದ ಮುಖ ತಿರುಗಿಸಿ ಕೂಗಿದಳು.

ಮುಂದಿನ ಸಾಲಿನಲ್ಲಿ ನಗು ಎದ್ದಿತು. ಗುಮಾಸ್ತ ‘ಅಸ್ಪಷ್ಟ’ ಎಂದು ಗೀಚಿಯೂ ಬಿಟ್ಟ.

ಮೈಕಕ್ಕನ ಕಣ್ಣು ಸ್ವರಗಳನ್ನು ಏರಿಳಿಸುವ ಈಕ್ವಲೈಸರ್ ಪೆಟ್ಟಿಗೆಯ ಮೇಲೆ ನಿಂತಿತು. ಯಾವ ಸ್ವರವನ್ನು ತಗ್ಗಿಸಬೇಕೆಂದು ಹೇಳುವುದು ಮೊದಲ ನಾಬ್, ಎಷ್ಟು ತಗ್ಗಿಸಬೇಕೆಂದು ಎರಡನೆಯದು. ಆ ಕಡಿತ ಅಕ್ಕಪಕ್ಕದ ಸ್ವರಗಳಿಗೆ ಎಷ್ಟು ಅಗಲ ಹರಡಬೇಕು ಎನ್ನುವುದು ಮೂರನೆಯದು, ಬ್ಯಾಂಡ್‌ವಿಡ್ತ್. ಯಾರೂ ತಿರುಗಿಸದಂತೆ ಸಭಾಂಗಣದ ಮ್ಯಾನೇಜರ್ ಟೇಪು ಅಂಟಿಸಿದ್ದು ಈ ಮೂರನೆಯ ನಾಬಿಗೇ. ಎಂದೋ ಮೈಕು ಸೀಟಿ ಹೊಡೆಯಿತೆಂದು ಆ ಸ್ವರವನ್ನು ತಗ್ಗಿಸಿ, ಅಗಲವನ್ನು ತುದಿಮುಟ್ಟ ತಿರುಗಿಸಿದ್ದರು. ಸೀಟಿ ಸತ್ತಿತು, ತ, ಕ, ಸಗಳನ್ನು ಬೇರ್ಪಡಿಸುವ ಸ್ವರಗಳೂ ಅದರ ಜೊತೆ ಸತ್ತವು. ನೆಗಡಿಯಾಯಿತೆಂದು ಮೂಗು ಕೊಯ್ದಿದ್ದರು. ಬೈಸಿಕೊಂಡವರು ಮಾತ್ರ ಮಾತಾಡಲು ಬಂದವರು!

ಅವಳು ಟೇಪು ಕಿತ್ತಳು. ಮ್ಯಾನೇಜರ್ ಓಡಿ ಬಂದ.

“ಏಯ್, ಮುಟ್ಬೇಡ! ಹನ್ನೊಂದು ವರ್ಷದಿಂದ ಹೀಗೇ ಇದೆ, ಒಬ್ರೂ ದೂರು ಕೊಟ್ಟಿಲ್ಲ.”

“ಕೊಟ್ಟಿರ್ತಾರೆ ಸಾರ್. ಅಸ್ಪಷ್ಟ ಅಂತ ಬರ್ಕೊಂಡಿರ್ತೀರಿ.”

“ಸೀಟಿ ಹೊಡೆದ್ರೆ?”

“ಸೀಟಿ ಇರೋದು ಕೂದಲೆಳೆಯಷ್ಟು ಜಾಗದಲ್ಲಿ. ಅದಕ್ಕೆ ನೀವು ಇಡೀ ಬೀದೀನೇ ಕೆಡವಿದೀರಿ.”

ಅಗಲವನ್ನು ಕಿರಿದು ಮಾಡಿದಳು. ಸೀಟಿ ಏಳಲಿಲ್ಲ.

“...ಸೂಜಿ ಚುಚ್ಚಿದ ಕೈ ಸ್ವಾಮಿ ಇದು!” ಸಭಾಂಗಣದ ಕೊನೆಯ ಕುರ್ಚಿಯವರೆಗೂ ಮಾತು ನೆಟ್ಟಗೆ ಹೋಯಿತು. ಯಾರೂ ನಗಲಿಲ್ಲ.

ಗುಮಾಸ್ತ ಬರೆದದ್ದನ್ನು ಹೊಡೆದುಹಾಕಿದ. “ನಿಧಾನ ಹೇಳಮ್ಮ, ಬರ್ಕೋತಿದೀನಿ. ಎಷ್ಟು ಜನಕ್ಕೆ ಚುಚ್ಚಿದೆ?”

“ಒಂಬತ್ತು. ಒಬ್ಳು ಬಸುರಿ.”

“ನಾಳೆಯಿಂದ ನೀನು ಬರೋದು ಬೇಡ,” ಎಂದು ಹಲ್ಲು ಕಡಿದ ಮ್ಯಾನೇಜರ್, ನಾಬಿನತ್ತ ಕೈ ಚಾಚುತ್ತ.

“ನಾಳೆ ಮಾತು ನಾಳೆಗೆ. ಅವಳಿಗಿನ್ನೂ ಒಂದು ನಿಮಿಷ ಇದೆ,” ಎಂದ ಮೈಕಕ್ಕ ನಾಬಿನ ಮೇಲೆ ಅಂಗೈ ಊರಿ ಕೂತಳು.